ಪೇಮೆಂಟ್ ಕನ್ವರ್ಟರ್ ಲಾಗ್‌ನಲ್ಲಿ "ಸಕ್ಸೆಸ್" ಅಂತ ಬಂದರೂ ನಂಬಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ರಫ್ತುದಾರರ ಲೆಕ್ಕ ನೋಡುವವರು, ಬ್ಯಾಂಕ್ ಐಟಿ ಸಿಬ್ಬಂದಿ ದಯವಿಟ್ಟು ಓದಿ. ಬೀದರಿನ ಬಿದ್ರಿ ಸಾಮಾನಿನ ರಫ್ತುದಾರರೊಬ್ಬರಿಗೆ ಕುವೈತ್‌ನಿಂದ ಬಂದ ಹಣ ಜಮೆಯೇನೋ ಆಯಿತು, ಯಾವ ಇನ್‌ವಾಯ್ಸ್‌ನದು ಎಂಬುದೇ ಮೆಸೇಜ್‌ನಲ್ಲಿ ಇರಲಿಲ್ಲ. ರಫ್ತಿನ ಹಣ ಬಂತೇ ಎಂದು ಗಮನಿಸುವ ರಿಸರ್ವ್ ಬ್ಯಾಂಕಿನ ವ್ಯವಸ್ಥೆ ಇಡಿಪಿಎಂಎಸ್‌ನಲ್ಲಿ ಶಿಪ್ಪಿಂಗ್ ಬಿಲ್ ಬಾಕಿಯಾಗಿಯೇ ನಿಂತಿತು. ಕಳಿಸಿದವರು ಎಲ್ಲ ಸರಿಯಾಗಿ ಬರೆದಿದ್ದರು. ಪಾವತಿ ಮೆಸೇಜನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ನಡುವಿನ ಸಾಫ್ಟ್‌ವೇರ್, ಅಂದರೆ ಕನ್ವರ್ಟರ್, ಅದನ್ನು ತಿಂದುಹಾಕಿತ್ತು.

2025ರ ನವೆಂಬರ್ ನಂತರ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್‌ನಲ್ಲಿ ಇಂಥ ಪಾವತಿ ಸೂಚನೆಗಳು ಐಎಸ್‌ಓ 20022 ಎಂಬ ಹೊಸ ಮಾದರಿಯ ಪ್ಯಾಕ್ಸ್.008 ಎಂಬ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ಬರೆಯುವ) ರೂಪಕ್ಕೆ ಬಂದಿವೆ. ಹಳೆ ಸಾಫ್ಟ್‌ವೇರ್‌ಗೆ ಹಳೆ ಎಂಟಿ ಮಾದರಿಯ ಎಂಟಿ103 ಮಾತ್ರ ಗೊತ್ತಿರುವ ಕಡೆ ಒಳಗೆ ಮತ್ತೆ ಹಳೆ ರೂಪಕ್ಕೇ ತಿರುಗಿಸುತ್ತಾರೆ. ಇಲ್ಲಿ ಇನ್‌ವಾಯ್ಸ್ ನಂಬರ್ ಇದ್ದದ್ದು ಪ್ರತಿ ವಿವರಕ್ಕೂ ಬೇರೆ ಟ್ಯಾಗ್ ಇರುವ ಸ್ಟ್ರಕ್ಚರ್ಡ್ ರೆಮಿಟೆನ್ಸ್ ಭಾಗದಲ್ಲಿ. ಕನ್ವರ್ಟರ್ ಓದಿದ್ದು ಬಿಡಿಯಾಗಿ ಬರೆಯುವ ಅನ್‌ಸ್ಟ್ರಕ್ಚರ್ಡ್ ಭಾಗವನ್ನಷ್ಟೇ. ಈ ವಿವರ ಹಾಕುವ ಎಂಟಿ103ರ ಫೀಲ್ಡ್ 70ರಲ್ಲಿ ಇರುವುದೂ 35 ಅಕ್ಷರದ ನಾಲ್ಕೇ ಸಾಲು. ಬಿಟ್ಟುಹೋದದ್ದರ ಬಗ್ಗೆ ಒಂದು ಎಚ್ಚರಿಕೆಯೂ ಲಾಗ್‌ನಲ್ಲಿ ಬರಲಿಲ್ಲ. ನನಗೆ ಅತಿ ಕೆಟ್ಟದ್ದೆನಿಸಿದ್ದು ಇದೇ.

ಮೊತ್ತವನ್ನೂ ನೋಡಿಕೊಳ್ಳಿ. ಎಂಟಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಎಕ್ಸ್‌ಎಂಎಲ್‌ನಲ್ಲಿ ಚುಕ್ಕೆ. ಅಲ್ಪವಿರಾಮವನ್ನು ಸಾವಿರದ ಗುರುತೆಂದು ಕಿತ್ತುಹಾಕುವ ಕೋಡ್ ಇದ್ದರೆ 1250,375 ದಿನಾರ್ ಹೋಗಿ 1250375 ಆಗುತ್ತದೆ. ಎರಡೇ ದಶಮಾಂಶ ಎಂದು ಕಟ್ಟಿಹಾಕಿದ್ದರೆ 1250.38. ಕುವೈತ್, ಬಹರೇನ್ ದಿನಾರ್‌ಗೆ, ಒಮಾನ್ ರಿಯಾಲ್‌ಗೆ ಮೂರು ದಶಮಾಂಶ ಬೇಕು; ಜಪಾನಿನ ಯೆನ್‌ಗೆ ಒಂದೂ ಬೇಡ.

ಹೊರದೇಶಕ್ಕೆ ಹಣ ಕಳಿಸುವಾಗ ಕಾಡುವುದು ವಿಳಾಸ. 2026ರ ನವೆಂಬರ್‌ನಿಂದ ಊರು, ದೇಶ ತಮ್ಮ ತಮ್ಮ ಟ್ಯಾಗ್‌ನಲ್ಲೇ ಇರಬೇಕು. ಕಳಿಸುವವರ ಹೆಸರು, ವಿಳಾಸ ಇರುವ ಎಂಟಿ103ರ ಫೀಲ್ಡ್ 50ಕೆಯ ಕೊನೆ ಸಾಲನ್ನೇ ಊರೆಂದು ಎತ್ತಿಕೊಳ್ಳುವ ಕನ್ವರ್ಟರ್ "ಬೀದರ್ 585401" ಅನ್ನು ಇಡಿಯಾಗಿ ಊರಿನ ಟ್ಯಾಗ್‌ಗೆ ತುಂಬುತ್ತದೆ. ಅಂಗಡಿಯ ಹೆಸರು 35 ಅಕ್ಷರ ದಾಟಿದರೆ ಮುಂದಿನ ಸಾಲಿಗೆ ಇಳಿದ ಬಾಲ ಬೀದಿಯ ಹೆಸರಾಗುತ್ತದೆ. ಸಾಲು ಕತ್ತರಿಸಿ ಊಹಿಸುವ ಬದಲು ಗ್ರಾಹಕರ ಮೂಲ ದಾಖಲೆ ಇರುವ ಮಾಸ್ಟರ್‌ನಲ್ಲೇ ಊರು, ಪಿನ್, ದೇಶಕ್ಕೆ ಬೇರೆ ಬೇರೆ ಕಾಲಂ ಇಡಿ. ಗುಲ್ಬರ್ಗಾ ಅಂತ ಉಳಿದಿರುವ ಹಳೆ ನಮೂದುಗಳನ್ನೂ ಆಗಲೇ ತಿದ್ದಿಬಿಡಿ.

ಸಾಫ್ಟ್‌ವೇರ್‌ನವರಿಗೆ ಬಾಕಿ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷಾ ಫೈಲ್ ಓಡಿಸಿ: 140 ಅಕ್ಷರದ ಹೆಸರು, ಎರಡು ಇನ್‌ವಾಯ್ಸ್, ಮೂರು ದಶಮಾಂಶದ ಮೊತ್ತ, ಹೆಸರಿನ ನಡುವೆ ಆಂಪರ್ಸ್ಯಾಂಡ್ (&) ಚಿಹ್ನೆ. ಆ ಚಿಹ್ನೆ ಎಂಟಿಯ ಅಕ್ಷರಗಳ ಪಟ್ಟಿಯಲ್ಲೇ ಇಲ್ಲ. ಬಂದದ್ದನ್ನು ಮೂಲದ ಜೊತೆ ಫೀಲ್ಡ್ ಫೀಲ್ಡಾಗಿ ಹೋಲಿಸಿ. ಏನೇ ಬಿಟ್ಟುಹೋದರೂ ಆ ಪಾವತಿ ಹೋಲ್ಡ್‌ಗೆ ಹೋಗಬೇಕು. ಸ್ಕೀಮಾ ಪರೀಕ್ಷೆ ಪಾಸಾಗಿದೆ ಎಂಬ ಉತ್ತರ ಒಪ್ಪಬೇಡಿ. ಅದು ಟ್ಯಾಗ್‌ಗಳ ರಚನೆ ನೋಡುತ್ತದೆ, ಕಳೆದುಹೋದ ಇನ್‌ವಾಯ್ಸ್ ಹುಡುಕುವುದಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಬ್ಯಾಂಕ್‌ನವರು ಕೊಡುವ ಎಂಟಿ103 ಪ್ರಿಂಟ್ ಹಿಡಿದು ಕೂರಬೇಡಿ. ಆ ಪಾವತಿಯನ್ನು ಗುರುತಿಸುವ 36 ಅಕ್ಷರದ ಯುಇಟಿಆರ್ ನಂಬರ್ ಕೊಟ್ಟು, ಮೂಲ ಪ್ಯಾಕ್ಸ್.008ರಲ್ಲಿ ಇನ್‌ವಾಯ್ಸ್ ವಿವರ ನೋಡಿ ಹೇಳಿ ಎಂದು ಬರವಣಿಗೆಯಲ್ಲೇ ಕೇಳಿ.