24ರ ಲೆಕ್ಕದಲ್ಲಿ ಗದಗ ಸೀಮೆ: ಒಂದು ಮಾರ್ಗದರ್ಶನ ಸೇವೆಯ ವಿಮರ್ಶೆ

ಗದಗಿನಿಂದ ಡಂಬಳ, ಲಕ್ಕುಂಡಿಗಳಿಗೆ ಕರೆದೊಯ್ದು ಸಂಜೆ ವೀರನಾರಾಯಣನ ಗುಡಿಯಲ್ಲಿ ಮುಗಿಸುವ ಈ ಸೇವೆಯು ಅರಸರ ವಂಶಾವಳಿಯನ್ನು ಒಪ್ಪಿಸದೆ, 24 ಎಂಬ ಒಂದೇ ಸಂಖ್ಯೆಯನ್ನು ಹಿಡಿದು ಮೂರೂ ಊರುಗಳನ್ನು ವಿವರಿಸುತ್ತದೆ. ಲೆಕ್ಕದ ರುಚಿಯಿರುವವರು ಧಾರಾಳವಾಗಿ ಹೋಗಬಹುದು, ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ.

ಡಂಬಳದ ದೊಡ್ಡಬಸಪ್ಪನ ಗುಡಿ 12ನೆಯ ಶತಮಾನದ ಚಾಲುಕ್ಯ ಶೈಲಿಯ ಕಟ್ಟಡ. ಅದರ ಗರ್ಭಗೃಹದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಮಾರ್ಗದರ್ಶಿಯು ರಟ್ಟಿನ ಆರು ಚೌಕಗಳನ್ನು ಒಂದೇ ಮೊಳೆಗೆ ಸಿಕ್ಕಿಸಿ, ಒಂದರಿಂದ ಒಂದನ್ನು 15 ಡಿಗ್ರಿಯಷ್ಟು ತಿರುಗಿಸಿ ತೋರಿಸಿದಾಗ ಗೋಡೆಯ ಅಂಚು ಯಾವ ನಿಯಮದಿಂದ ಒಳಸರಿದು ಹೊರಚಾಚುತ್ತದೆಂಬುದು ತಿಳಿಯುತ್ತದೆ. ಹಗ್ಗ ಮತ್ತು ಗೂಟಗಳಷ್ಟರಿಂದಲೇ ವೃತ್ತವನ್ನು ಕರಾರುವಾಕ್ಕಾಗಿ 24 ಸಮಭಾಗ ಮಾಡಬಹುದು, ಆದರೆ ಅಳತೆಗೋಲಿಲ್ಲದೆ 7 ಅಥವಾ 9 ಭಾಗ ಮಾಡಲಾಗದು ಎಂಬ ಮಾತನ್ನು ಅವರು ಸೇರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಹೊರಗಿನಿಂದ ಎಣಿಸುವವರಿಗೆ 24 ಸಿಗುವುದಿಲ್ಲ, ಏಕೆಂದರೆ ಮುಂದಿನ ಮಂಟಪ ಕೂಡಿಕೊಳ್ಳುವ ಕಡೆ ಕೆಲವು ಮೂಲೆಗಳು ಅಡಗಿವೆ.

ಈ ಮೂಲೆಗಳೆಂದರೆ ದಿನದ 24 ಗಂಟೆಗಳು ಎಂಬ ವಿವರಣೆ ಮಾತ್ರ ನಿಲ್ಲುವಂಥದ್ದಲ್ಲ. ಆ ಕಾಲದವರು ದಿನವನ್ನು ಎಣಿಸುತ್ತಿದ್ದುದು 60 ಘಳಿಗೆಗಳಲ್ಲಿ. ಒಂದು ಘಳಿಗೆ ಇಂದಿನ 24 ನಿಮಿಷಕ್ಕೆ ಸಮನಾಗುತ್ತದೆ ಎಂಬುದು ಬೇರೆಯ ಸ್ವಾರಸ್ಯ. ಲಕ್ಕುಂಡಿಯ ಬಸದಿಯಲ್ಲಿ 24 ತೀರ್ಥಂಕರರ ಪ್ರಸ್ತಾಪ ಸಹಜವಾಗಿಯೇ ಬರುತ್ತದೆ, ಅಲ್ಲಿಯೇ ಮುಗಿಯುತ್ತದೆ. ಗಾಯತ್ರಿಯ 24 ಅಕ್ಷರಗಳನ್ನೂ ಬಂಗಾರದ 24 ಕ್ಯಾರೆಟ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಸಂಖ್ಯೆಯ ಗುಣವನ್ನೇನೂ ತಿಳಿಸಲಿಲ್ಲ.

ಗದಗಿನ ವೀರನಾರಾಯಣನ ಮುಂದೆ ನಡೆದ ವಿವರಣೆಗಾಗಿಯೇ ಇಡೀ ಶುಲ್ಕವನ್ನು ಕೊಡಬಹುದು. ಶಂಖ, ಚಕ್ರ, ಗದೆ, ಪದ್ಮಗಳೆಂಬ ನಾಲ್ಕು ಆಯುಧಗಳನ್ನು ನಾಲ್ಕು ಕೈಗಳಲ್ಲಿ ಹಂಚಲು ಮೊದಲ ಕೈಗೆ ನಾಲ್ಕು ಆಯ್ಕೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಉಳಿದದ್ದು, ಗುಣಿಸಿದರೆ 24. ಸಂಧ್ಯಾವಂದನೆಯಲ್ಲಿ ಕೇಶವನಿಂದ ಕೃಷ್ಣನವರೆಗೆ ಹೇಳುವ ಹೆಸರುಗಳೂ ಅಷ್ಟೇ, ಶಿಲ್ಪಶಾಸ್ತ್ರದಲ್ಲಿ ಆ ಮೂರ್ತಿಗಳನ್ನು ಗುರುತಿಸುವುದೂ ಆಯುಧಗಳ ಈ ಕ್ರಮದಿಂದಲೇ. ಇಲ್ಲಿ ಸಂಖ್ಯೆಯು ಅಲಂಕಾರವಲ್ಲ, ಸಾಧ್ಯತೆಗಳನ್ನೆಲ್ಲ ತೀರಿಸಿದ ಎಣಿಕೆ.

ದಾರಿಯಲ್ಲಿ ಮಕ್ಕಳಿಗೆ ಕೊಡುವ ಲೆಕ್ಕವೂ ಒಳ್ಳೆಯದು: 3ಕ್ಕಿಂತ ದೊಡ್ಡದಾದ ಯಾವ ಅವಿಭಾಜ್ಯ ಸಂಖ್ಯೆಯ ವರ್ಗವನ್ನು 24ರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಕಾರಣವನ್ನು ಕೇಳಿಯೇ ಇಳಿಯಿರಿ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.