ವೇಗದ ಹೆಸರಿನಲ್ಲಿ ಸುಸ್ತು ಮಾರುವವರ ಬಗ್ಗೆ ಪೋಷಕರಿಗೊಂದು ಎಚ್ಚರಿಕೆ

ಪ್ರಥಮ ಪಿಯುಸಿಯಲ್ಲಿದ್ದ ನನ್ನ ಮಗಳು ಕಳೆದ ವರ್ಷ ತಾಲ್ಲೂಕು ಕ್ರೀಡಾಕೂಟದ 100 ಮೀಟರ್ ಓಟವನ್ನು 13.4 ಸೆಕೆಂಡಿನಲ್ಲಿ ಮುಗಿಸಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಮೊದಲ 30 ಮೀಟರಿನಲ್ಲಿ ಹಿಂದೆ ಬೀಳುತ್ತಾಳೆ, ಅಷ್ಟನ್ನು ತಿದ್ದಿದರೆ ಸಾಕು ಎಂದು ಕಾಲೇಜಿನ ದೈಹಿಕ ಶಿಕ್ಷಕರು ಹೇಳಿದ್ದರಿಂದ ನಮ್ಮೂರಿನ ಖಾಸಗಿ ತರಬೇತುದಾರರೊಬ್ಬರ ಬಳಿ ಸೇರಿಸಿ, ಮೂರು ತಿಂಗಳ ಶುಲ್ಕವೆಂದು 10,500 ರೂಪಾಯಿಯನ್ನು ಮುಂಗಡವಾಗಿ ಕೊಟ್ಟೆ. ರಸೀದಿ ಕೇಳಲಿಲ್ಲ.

ಬೆಳಿಗ್ಗೆ ಐದೂವರೆಗೆ ಶುರುವಾಗುತ್ತಿದ್ದ ಅಭ್ಯಾಸದಲ್ಲಿ ವಾರಕ್ಕೆ ಆರು ದಿನವೂ ಒಂದೇ ಪಾಠ: ಸೊಂಟಕ್ಕೆ ಹಗ್ಗ ಬಿಗಿದು, ಮರಳಿನ ಚೀಲವಿಟ್ಟ ಲಾರಿ ಟೈರನ್ನು ಎಳೆಸುವುದು; ಅದು ಮುಗಿದ ಮೇಲೆ ನಡುನಡುವೆ ಒಂದೊಂದೇ ನಿಮಿಷ ಬಿಡುವು ಕೊಟ್ಟು 100 ಮೀಟರನ್ನು ಹದಿನೈದು ಸಲ ಓಡಿಸುವುದು. ಟೈರು ಎಷ್ಟು ಭಾರವಿತ್ತೆಂದರೆ ಮಗಳು ಓಡುತ್ತಿರಲಿಲ್ಲ, ನೊಗ ಹೊತ್ತ ಎತ್ತಿನಂತೆ ಬಾಗಿ ನಡೆಯುತ್ತಿದ್ದಳು. ಹತ್ತನೇ ಸುತ್ತಿನ ಹೊತ್ತಿಗೆ ಅವಳ ಮಂಡಿ ಮೇಲೇಳುತ್ತಿರಲಿಲ್ಲ. ಗೇಟಿನ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನಾನು, ಇಷ್ಟು ಬೆವರು ಹರಿದ ಮೇಲೆ ವೇಗ ಬಾರದೆ ಇರುತ್ತದೆಯೇ ಎಂದುಕೊಂಡೆ.

ಐದನೇ ವಾರ ಅವರ ಸ್ಟಾಪ್‌ವಾಚ್ 12.6 ತೋರಿಸಿತು, ಮನೆಯಲ್ಲಿ ಪಾಯಸ ಮಾಡಿದೆವು. ಏಳನೇ ವಾರ, ತೊಡೆಯ ಹಿಂದೆ ಯಾರೋ ಕಲ್ಲು ಬೀಸಿದಂತಾಯಿತೆಂದು ಮಗಳು ಅಲ್ಲೇ ಕುಸಿದಳು. ಅವರು ನೋವಿನ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿ, ಸ್ನಾಯು ಸಡಿಲವಾಗಲೆಂದು ಇನ್ನೆರಡು ಸುತ್ತು ಓಡಿಸಿದರು. ಮರುದಿನ ತೊಡೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಹ್ಯಾಮ್‌ಸ್ಟ್ರಿಂಗ್ ಸ್ನಾಯು ಭಾಗಶಃ ಹರಿದಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಜಿಲ್ಲಾ ಕ್ರೀಡಾಕೂಟ ಕೈತಪ್ಪಿತು.

ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್ ವಿವರಿಸಿದ ಮೇಲಷ್ಟೇ ನನಗೆ ವಿಷಯ ಅರ್ಥವಾಯಿತು. ಆರಂಭದ ವೇಗ ಹೆಚ್ಚಿಸಲು 10ರಿಂದ 30 ಮೀಟರಿನ ಕೆಲವೇ ಓಟಗಳು ಸಾಕು. ಓಡಿದ ಪ್ರತಿ 10 ಮೀಟರಿಗೆ ಸುಮಾರು ಒಂದು ನಿಮಿಷದ ವಿಶ್ರಾಂತಿ, ಪೂರ್ಣ ವೇಗದ ಒಂದು ಅಭ್ಯಾಸಕ್ಕೂ ಇನ್ನೊಂದಕ್ಕೂ ನಡುವೆ 48 ಗಂಟೆಗಳ ಅಂತರ ಕೊಡುವುದು ರೂಢಿ. ದಣಿದ ದೇಹ ಕಲಿಯುವುದು ನಿಧಾನದ ಓಟವನ್ನೇ. ಟೈರು ಎಳೆಸುವುದು ತಪ್ಪಲ್ಲವಂತೆ, ಆದರೆ ಓಟದ ಭಂಗಿಯೇ ಕೆಡುವಷ್ಟು ಭಾರ ಹೊರಿಸಿ ದಿನವೂ ಎಳೆಸಿದರೆ ಪ್ರಯೋಜನವಿಲ್ಲವಂತೆ.

ಆ 12.6ರ ಗುಟ್ಟು ತಿಳಿದದ್ದು ಅನಂತರ. ಸಂಶಯ ಬಂದು ಟೇಪು ಹಿಡಿದು ಅಳೆದರೆ, ಮೈದಾನದಲ್ಲಿ ಸುಣ್ಣ ಹಾಕಿದ್ದ ಅವರ '100 ಮೀಟರ್' 94 ಮೀಟರ್ ಮಾತ್ರ ಇತ್ತು. ನನ್ನ ಮಗಳಂಥವರಿಗೆ ಉಳಿದ 6 ಮೀಟರ್ ಓಡಲು ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡು ಬೇಕು. ಲೆಕ್ಕ ಅಲ್ಲಿಗೆ ಸರಿಹೋಯಿತು. ಐದು ವಾರಗಳಲ್ಲಿ ಅವಳ ವೇಗ ಒಂದಿಷ್ಟೂ ಹೆಚ್ಚಿರಲಿಲ್ಲ.

ಮಕ್ಕಳನ್ನು ಸೇರಿಸುವ ಮುನ್ನ ಒಂದು ದಿನದ ಅಭ್ಯಾಸವನ್ನು ಪೂರ್ತಿ ನೋಡಿ, ಎರಡು ಓಟಗಳ ನಡುವೆ ಎಷ್ಟು ಬಿಡುವು ಕೊಡುತ್ತಾರೆಂದು ನಿಮ್ಮ ಗಡಿಯಾರದಲ್ಲೇ ಗಮನಿಸಿ, ದೂರವನ್ನು ನೀವೇ ಅಳೆಯಿರಿ. ಶುಲ್ಕವನ್ನು ತಿಂಗಳು ತಿಂಗಳು ಕೊಡಿ. ನಮ್ಮ ಹಣ ಹಿಂತಿರುಗಲಿಲ್ಲ. ಮಗಳ ಫೋಟೋದ ಪಕ್ಕದಲ್ಲಿ 12.6 ಎಂದು ಬರೆದ ಜಾಹೀರಾತನ್ನು ತೆಗೆಯುವಂತೆ ಮೂರು ಬಾರಿ ಕೇಳಿಕೊಂಡಿದ್ದೇನೆ. ನಿನ್ನೆಯೂ ಅದು ಅವರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿತ್ತು.