ಡಿಕಾಕ್ಷನ್ ನಾಲಿಗೆಗೆ ಐರಿಶ್ ಸ್ಟೌಟ್: ಕೆಲವು ಕಪ್ಪು ಬಿಯರ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಲೆಕ್ಕದಲ್ಲಿ ಗೆದ್ದದ್ದು ಐರ್ಲೆಂಡಿನ ಕಾರ್ಲೋ ಕೌಂಟಿಯ ಓಹಾರಾಸ್ ಐರಿಶ್ ಸ್ಟೌಟ್ (ಸ್ಟೌಟ್ ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್). ಅದರಲ್ಲೂ ಬಾಟಲಿಯದ್ದು, ಅದರಲ್ಲೂ ಫ್ರಿಜ್ಜಿನಿಂದ ತೆಗೆದು ಮುಕ್ಕಾಲು ಗಂಟೆ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟದ್ದು. ಬ್ರೂವರಿಯ ಹೆಸರಿಗಿಂತ ಈ ಎರಡು ಷರತ್ತುಗಳೇ ಮುಖ್ಯ ಅಂತ ಗೊತ್ತಾಗಲು ನನಗೆ ನಾಲ್ಕು ವಾರಾಂತ್ಯ ಬೇಕಾಯಿತು.

ಡಬ್ಲಿನ್‌ಗೆ ಬಂದು ಆರು ವರ್ಷವಾಯಿತು. ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆ, ಮನೆಯಲ್ಲೇ ಕಾಫಿ ಬೀಜ ಹುರಿಯುತ್ತಿದ್ದ ಕುಟುಂಬದಲ್ಲಿ. ಹಾಗಾಗಿ ಸ್ಟೌಟ್ ನನಗೆ ಮೊದಲ ಗುಟುಕಿಗೇ ಪರಿಚಯದ ರುಚಿ ಅನ್ನಿಸಿತ್ತು. ಅದಕ್ಕೆ ಕಾರಣವೂ ಇದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಕಪ್ಪಗೆ ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಅದು ಕಾಫಿ ಹುರಿಯುವ ಡ್ರಮ್ಮಿನಂಥದ್ದೇ. ಐರ್ಲೆಂಡಿನ ಬ್ರೂವರಿಗಳು ಆ ಕಪ್ಪು ಮಾಲ್ಟನ್ನು ಹಿಡಿದುಕೊಂಡವು, ಮುಂದೆ ಮೊಳಕೆ ಬರಿಸದ ಬಾರ್ಲಿಯನ್ನೇ ಹುರಿದು ಹಾಕುವ ರೂಢಿಗೆ ಬಂದವು. ಸ್ಟೌಟ್‌ನ ಒಗರು, ಆ ಹುರಿದ ಘಮ ಆ ಬಾರ್ಲಿಯದ್ದು, ಕಹಿಯಲ್ಲೂ ಅದರ ಪಾಲಿದೆ.

ಕಳೆದ ಅಕ್ಟೋಬರ್‌ನಲ್ಲಿ ಭಾವಮೈದ ಬೆಂಗಳೂರಿನಿಂದ ಬಂದ. ಅಲ್ಲಿನ ಮೈಕ್ರೋಬ್ರೂವರಿಗಳ ಗೋಧಿ ಬಿಯರ್ ಕುಡಿದು ರೂಢಿ ಇದ್ದವನು. ಇಬ್ಬರೂ ಸೇರಿ ಸರಿಯಾಗಿ ಹೋಲಿಸಿಯೇ ನೋಡೋಣ ಅಂದುಕೊಂಡೆವು. ಪಬ್‌ನಲ್ಲಾದರೆ ಅರ್ಧ ಪೈಂಟ್, ಅಂದರೆ 284 ಮಿಲಿ ಮಾತ್ರ. ಮನೆಯಲ್ಲಾದರೆ ಒಂದೇ ಬಾಟಲಿ ಇಬ್ಬರಿಗೆ. ಲೋಟಕ್ಕೆ ಸುರಿಯುವುದು ನನ್ನ ಹೆಂಡತಿ, ಯಾವುದು ಯಾವುದೆಂದು ನಮಗೆ ಹೇಳುವ ಹಾಗಿಲ್ಲ.

ಅಳತೆಗೋಲಾಗಿ ಗಿನ್ನೆಸ್ ಇಟ್ಟುಕೊಂಡೆವು. ಅದು ಸಣ್ಣ ಬ್ರೂವರಿಯ ಕ್ರಾಫ್ಟ್ ಬಿಯರ್ ಅಲ್ಲ, ಆದರೆ ಅದನ್ನು ಬಿಟ್ಟು ಇಲ್ಲಿ ಸ್ಟೌಟ್ ಬಗ್ಗೆ ಮಾತಾಡಲು ಆಗುವುದಿಲ್ಲ. 1959ರಲ್ಲಿ ಗಿನ್ನೆಸ್‌ನ ಮೈಕೆಲ್ ಆಶ್ ಎಂಬ ಗಣಿತಜ್ಞರು ನೈಟ್ರೋಜನ್ ಬೆರೆಸಿ ಬಿಯರ್ ಬಡಿಸುವ ವಿಧಾನ ರೂಪಿಸಿದರು. ಈಗ ಪಬ್‌ನಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಡ್ರಾಫ್ಟ್ ಸ್ಟೌಟ್, ಅಂದರೆ ನಲ್ಲಿಯಿಂದ ಸುರಿಯುವ ಸ್ಟೌಟ್, ಅದೇ ದಾರಿಯದ್ದು. ಸುಮಾರು ಮುಕ್ಕಾಲು ಪಾಲು ನೈಟ್ರೋಜನ್, ಕಾಲು ಪಾಲು ಕಾರ್ಬನ್ ಡೈಆಕ್ಸೈಡ್. ನೈಟ್ರೋಜನ್ ಬಿಯರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಗುಳ್ಳೆ ಸಣ್ಣ, ನೊರೆ ಕೆನೆಯ ಹಾಗೆ. ಲೋಟದ ಅಂಚಿನಲ್ಲಿ ಗುಳ್ಳೆಗಳು ಮೇಲಕ್ಕಲ್ಲ, ಕೆಳಕ್ಕೆ ಇಳಿಯುತ್ತವೆ. ಭಾವಮೈದ ಅದನ್ನು ನೋಡುತ್ತ ಕುಡಿಯುವುದನ್ನೇ ಮರೆತಿದ್ದ. ಲೋಟದ ಬಾಯಿ ಅಗಲ, ತಳ ಕಿರಿದು. ನಡುವಿನಲ್ಲಿ ಗುಳ್ಳೆ ಏರುವಾಗ ಅಂಚಿನ ಬಿಯರ್ ಕೆಳಕ್ಕೆ ಸರಿಯುತ್ತದೆ, ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ನೋಡಲು ಅಷ್ಟು ಚೆಂದ. ಆದರೆ ನಾಲಿಗೆಗೆ? ಅಲ್ಲಿಗೇ ಬರುತ್ತೇನೆ.

ಓಹಾರಾಸ್ ಸ್ಟೌಟ್ ಎರಡು ಬಗೆಯಲ್ಲಿ ಸಿಗುತ್ತದೆ: ಪಬ್‌ನಲ್ಲಿ ನೈಟ್ರೋ, ಅಂಗಡಿಯಲ್ಲಿ ಮಾಮೂಲಿ ಗ್ಯಾಸಿನ ಅರ್ಧ ಲೀಟರ್ ಬಾಟಲಿ. ಎರಡರಲ್ಲೂ ಮದ್ಯಾಂಶ ಶೇ 4.3. ಪಬ್‌ನಲ್ಲಿ ಕುಡಿದಾಗ ನುಣ್ಣಗಿತ್ತು, ಹಾಲು ಹೆಚ್ಚಾದ ಕಾಫಿಯ ಹಾಗೆ. ಇಷ್ಟವಾಯಿತು, ಆದರೆ ಗಿನ್ನೆಸ್ ಪಕ್ಕ ಇಟ್ಟಾಗ ಇಬ್ಬರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಶನಿವಾರ ಮನೆಯಲ್ಲಿ ಬಾಟಲಿ ತೆರೆದೆವು. ಹೆಂಡತಿ ಎರಡು ಲೋಟ ತಂದಿಟ್ಟಳು. ಒಂದು ಆಗಷ್ಟೇ ಫ್ರಿಜ್ಜಿನಿಂದ ತೆಗೆದದ್ದು, ಇನ್ನೊಂದು ಹೊರಗಿಟ್ಟದ್ದು. ತಣ್ಣನೆಯದರಲ್ಲಿ ಬರೀ ಕಹಿ, ಗ್ಯಾಸಿನ ಚುರುಕು. ಹೊರಗಿಟ್ಟದ್ದನ್ನು ಮೂಗಿನ ಹತ್ತಿರ ತಂದರೆ ಸಾಕು, ಈಗ ತಾನೇ ಇಳಿದ ಡಿಕಾಕ್ಷನ್. ಬಾಯಿಗಿಟ್ಟರೆ ಮೊದಲು ರಾಗಿ ಹುರಿಹಿಟ್ಟು, ಆಮೇಲೆ ಸಣ್ಣ ಹುಳಿ, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಒಣ ಕಹಿ. ಆ ಕಹಿಯಲ್ಲಿ ಮಣ್ಣಿನ, ಸೊಪ್ಪಿನ ಛಾಯೆ ಇದೆ. ಅದು ಫಗಲ್ ಎಂಬ ಹಳೆಯ ಇಂಗ್ಲಿಷ್ ತಳಿಯ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವಿನದು, ಓಹಾರಾಸ್‌ನವರು ಅದನ್ನು ಕೈ ಬಿಚ್ಚಿ ಹಾಕುತ್ತಾರೆ.

“ಭಾವ, ಇದು ಬೇರೆ ಬಿಯರ್ರೇ ಅಲ್ವಾ?” ಅಂದ ಅವನು.

“ಇಲ್ಲ ಕಣೋ, ಮೊನ್ನೆ ಪಬ್‌ನಲ್ಲಿ ಕುಡಿದದ್ದೇ.”

ಅವನಿಗೆ ನಂಬಿಕೆ ಬರಲಿಲ್ಲ, ಬಾಟಲಿ ತರಿಸಿ ನೋಡಿದ. ನೈಟ್ರೋಜನ್ ಬಂದರೆ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರ ಜೊತೆ ಹುಳಿಯೂ ಚುರುಕೂ ಹೋಗುತ್ತವೆ, ಘಮವೂ ಲೋಟದಿಂದ ಅಷ್ಟಾಗಿ ಮೇಲೇಳುವುದಿಲ್ಲ. ತಣ್ಣಗಾದಷ್ಟೂ ಘಮ ಇನ್ನೂ ಅಡಗುತ್ತದೆ. ಎರಡೂ ಸೇರಿದರೆ ಒಳ್ಳೆಯ ಸ್ಟೌಟ್‌ಗೂ ಸಾಧಾರಣ ಸ್ಟೌಟ್‌ಗೂ ಇರುವ ಅಂತರ ಮುಚ್ಚಿಹೋಗುತ್ತದೆ. ಸಣ್ಣ ಬ್ರೂವರಿಯವರು ಕಷ್ಟಪಟ್ಟು ಕೂರಿಸಿದ ರುಚಿ ನಮ್ಮ ತನಕ ಬಾರದೆ ಲೋಟದಲ್ಲೇ ಉಳಿದುಬಿಡುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಪಾರ್ಲಿಮೆಂಟ್ ಸ್ಟ್ರೀಟ್‌ನ ಪೋರ್ಟರ್‌ಹೌಸ್ ಪಬ್‌ಗೆ ಎರಡು ಸಂಜೆ ಹೋದೆವು. 1996ರಲ್ಲಿ ಅದು ತೆರೆದಾಗ ಡಬ್ಲಿನ್‌ನಲ್ಲಿ ಸ್ವಂತ ಬಿಯರ್ ಮಾಡಿ ಮಾರುವ ಪಬ್ ಅನ್ನುವುದೇ ಹೊಸದು. ಕಾರ್ಲೋ ಬ್ರೂವರಿ, ಅಂದರೆ ಓಹಾರಾಸ್‌ನವರು, ಶುರು ಮಾಡಿದ್ದೂ ಅದೇ ವರ್ಷ. ಸಣ್ಣ ಬ್ರೂವರಿಗಳಿಗೆ ಅಬಕಾರಿ ಸುಂಕದಲ್ಲಿ ಅರ್ಧದಷ್ಟು ರಿಯಾಯಿತಿ ಸಿಕ್ಕಿದ್ದು 2005ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ ಇವರು ಕೈ ಹಾಕಿದ್ದರು ಅನ್ನುವುದನ್ನು ನೆನೆದರೆ ಗೌರವ ಬರುತ್ತದೆ.

ಅಲ್ಲಿ ಮೂರು ಕಪ್ಪು ಬಿಯರ್ ಒಟ್ಟಿಗೆ ತರಿಸಿದೆವು. ಪ್ಲೇನ್ ಪೋರ್ಟರ್ ಮೂರರಲ್ಲಿ ಹಗುರ. ಹುರಿಗಡಲೆ, ಸ್ವಲ್ಪ ಕೋಕೋ, ಬೇಗ ಇಳಿಯುತ್ತದೆ. ಹರಟೆಗೆ ಕೂರುವವರಿಗೆ ಇದೇ ಸರಿ. ರಾಸ್ಲರ್ಸ್ ಶೇ 5ರದ್ದು, ಕಾರ್ಕ್ ಕಡೆಯ ಕ್ಲೋನಕಿಲ್ಟಿಯಲ್ಲಿದ್ದ ಡೀಸಿ ಎಂಬ ಹಳೆಯ ಬ್ರೂವರಿಯ ಸ್ಟೌಟನ್ನು ನೆನಪಿಗೆ ತಂದು ಮಾಡಿದ್ದು. ಇದರ ಕಹಿ ಗಟ್ಟಿ. ಹಾಗಲಕಾಯಿ ಗೊಜ್ಜು ಇಷ್ಟಪಡುವವರು ಇದನ್ನೂ ಇಷ್ಟಪಡುತ್ತಾರೆ, ಉಳಿದವರು ಅರ್ಧ ಲೋಟ ಬಿಡುತ್ತಾರೆ. ನಾನು ಮುಗಿಸಿದೆ, ಇನ್ನೊಂದು ಬೇಕೆನ್ನಿಸಲಿಲ್ಲ.

ಮೂರನೆಯದು ಆಯ್ಸ್ಟರ್ ಸ್ಟೌಟ್. ಹೆಸರಿಗಷ್ಟೇ ಅಲ್ಲ, ತಯಾರಿಯಲ್ಲಿ ನಿಜವಾದ ಸಿಂಪಿಯನ್ನೇ ಒಡೆದು ಹಾಕುತ್ತಾರೆ. ಸಸ್ಯಾಹಾರಿಗಳು ಗಮನಿಸಬೇಕಾದ ವಿಷಯ. ಗಿನ್ನೆಸ್‌ನವರೂ ಹಿಂದೆ ಬಿಯರ್ ತಿಳಿಗೊಳಿಸಲು ಮೀನಿನ ಗಾಳಿಚೀಲದ ಅಂಟು ಬಳಸುತ್ತಿದ್ದರು, ಈಗ ಬಿಟ್ಟಿದ್ದಾರೆ. ಆಯ್ಸ್ಟರ್ ಸ್ಟೌಟ್‌ನಲ್ಲಿ ಮೀನಿನ ವಾಸನೆ ಹುಡುಕಿದರೂ ಸಿಗಲಿಲ್ಲ. ತುದಿಯಲ್ಲಿ ಒಂದು ಚಿಟಿಕೆ ಉಪ್ಪು, ಅಷ್ಟೇ. ಆ ಉಪ್ಪಿನಿಂದ ಕಹಿ ತಗ್ಗಿ ಸಿಹಿ ಮೇಲೆ ಬರುತ್ತದೆ, ಕಷಾಯಕ್ಕೆ ಒಂದು ಹರಳು ಉಪ್ಪು ಹಾಕಿದ ಹಾಗೆ. ಭಾವಮೈದನ ಮೊದಲ ಸ್ಥಾನ ಇದಕ್ಕೆ. ನನ್ನದು ಎರಡನೆಯ ಸ್ಥಾನ. ಅರ್ಧ ಗಂಟೆ ಲೋಟ ಮುಟ್ಟದೆ ಕಾದು ಕುಡಿದಾಗ ಮಾತ್ರ ಅದು ಓಹಾರಾಸ್ ಬಾಟಲಿಯ ಹತ್ತಿರ ಬಂತು.

ವಾಟರ್‌ಫರ್ಡ್ ಕೌಂಟಿಯ ಕರಾವಳಿ ಊರು ಡಂಗಾರ್ವನ್‌ನಲ್ಲಿ 2010ರಲ್ಲಿ ಶುರುವಾದ ಬ್ರೂವರಿಯ ಬ್ಲ್ಯಾಕ್ ರಾಕ್ ಸ್ಟೌಟ್ ಮನೆಯಲ್ಲಿ ನೋಡಿದ್ದು. ಇದೂ ಶೇ 4.3. ಸೋಸದೆ ತುಂಬಿದ್ದು, ಬಾಟಲಿಯೊಳಗೇ ಯೀಸ್ಟ್ ಕೆಲಸ ಮಾಡಿ ಗ್ಯಾಸ್ ಹುಟ್ಟುತ್ತದೆ. ಹಾಗಾಗಿ ತಳದಲ್ಲಿ ಗಸಿ ಇರುತ್ತದೆ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಒಂದೇ ಓಟದಲ್ಲಿ ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದು ಬೆರಳು ಬಿಡಬೇಕು. ಫಿಲ್ಟರಿನ ಚರಟ ಕಲಕದ ಹಾಗೆ ಎರಡನೆಯ ಡಿಕಾಕ್ಷನ್ ಬಗ್ಗಿಸಿದಷ್ಟೇ ಜೋಪಾನ. ಓಹಾರಾಸ್‌ಗಿಂತ ಮೃದು, ಹುಳಿ ಕಡಿಮೆ. ನನ್ನ ಹೆಂಡತಿಗೆ ಹಿಡಿಸಿದ್ದು ಇದೇ.

ಈ ನಡುವೆ ಒಂದು ಅಂಗಡಿಯಿಂದ ತಂದ ಬಾಟಲಿ ಕೆಟ್ಟೇಹೋಗಿತ್ತು. ನೆನೆದ ರಟ್ಟಿನ ವಾಸನೆ. ಬಿಸಿಲು ಬೀಳುವ ಕಿಟಕಿಯಲ್ಲಿ ತಿಂಗಳುಗಟ್ಟಲೆ ಜೋಡಿಸಿಟ್ಟಿದ್ದರು. ಬ್ರೂವರಿಯ ತಪ್ಪೇನೂ ಅಲ್ಲ. ದಿನಾಂಕ ನೋಡಿ, ಒಳಗಿನ ಕಪಾಟಿನಿಂದಲೇ ಕೇಳಿ ತನ್ನಿ.

ಕೊನೆಯ ವಾರ ಓಹಾರಾಸ್‌ನವರದ್ದೇ ಲ್ಯಾನ್ ಫಲ್ಲಾನ್. ಐರಿಶ್ ಭಾಷೆಯಲ್ಲಿ ಲ್ಯಾನ್ ಅಂದರೆ ಬಿಯರ್, ಫಲ್ಲಾನ್ ಅಂದರೆ ಮೈಗೆ ಒಳ್ಳೆಯದು. ಶೇ 6. ಭಾವಮೈದ ಊರಿನಿಂದ ಕಾಚಂಪುಳಿ ತಂದಿದ್ದ, ಅವತ್ತು ಪಂದಿ ಕರಿ ಮಾಡಿದ್ದೆವು. ಬರೀ ಕುಡಿದಾಗ ಲ್ಯಾನ್ ಫಲ್ಲಾನ್ ಭಾರ ಅನ್ನಿಸಿತು: ಕರಟಿದ ಬೆಲ್ಲದ ಪಾಕ, ಕಪ್ಪು ಚಾಕೊಲೇಟ್. ಆದರೆ ಕಾಚಂಪುಳಿಯ ಕಡು ಹುಳಿ, ಮೆಣಸಿನ ಖಾರ, ಹುರಿದ ಮಸಾಲೆ ಬಾಯಲ್ಲಿದ್ದಾಗ ಒಂದು ಗುಟುಕು ಕುಡಿದರೆ ಮಸಾಲೆಯ ಹುರಿದ ಘಮವೂ ಬಿಯರಿನ ಘಮವೂ ಒಂದಾಗಿ, ಕೊಬ್ಬಿನ ಜಿಡ್ಡು ಸರಕ್ಕನೆ ಇಳಿಯುತ್ತದೆ. ಅದೇ ಊಟಕ್ಕೆ ಮಾಮೂಲಿ ಓಹಾರಾಸ್ ಇಟ್ಟು ನೋಡಿದೆವು, ತೆಳ್ಳಗಾಯಿತು. ಅಂದರೆ ಬಿಯರ್ ಮಾತ್ರ ಬೇಕಾದಾಗ ಶೇ 4.3ರದ್ದು, ಊಟದ ಜೊತೆಗೆ ಶೇ 6ರದ್ದು. ಇದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಸ್ಲೈಗೋ ಕೌಂಟಿಯ ಬ್ಯಾಲಿಮೋಟ್‌ನ ವೈಟ್ ಹ್ಯಾಗ್ ಬ್ರೂವರಿಯವರ ಬ್ಲ್ಯಾಕ್ ಬೋರ್ ಎಂಬ ಓಟ್ಸ್ ಸ್ಟೌಟ್ ಕೂಡ ನೋಡಿದೆವು. ಶೇ 10.2ರದ್ದು. ಅದನ್ನು ಈ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುವುದು ನ್ಯಾಯವಲ್ಲ. ಸಣ್ಣ ಲೋಟದಲ್ಲಿ, ರಾತ್ರಿ ಊಟ ಮುಗಿದ ಮೇಲೆ, ಮೂರು ಜನ ಹಂಚಿಕೊಂಡು ಕುಡಿಯುವಂಥದ್ದು.

ಭಾರತಕ್ಕೆ ಹೋಗುವವರು ಸುಂಕವಿಲ್ಲದೆ ಒಯ್ಯಬಹುದಾದ ಮದ್ಯ ತಲೆಗೆ 2 ಲೀಟರ್, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಹೊರಡುವ ಹಿಂದಿನ ರಾತ್ರಿ ಭಾವಮೈದ ಸೂಟ್‌ಕೇಸ್ ತೆರೆದು ಕುಳಿತ. ಅವನ ಆಯ್ಸ್ಟರ್ ಸ್ಟೌಟ್ ನಾವು ಕುಡಿದದ್ದು ಪಬ್‌ನ ನಲ್ಲಿಯಿಂದ, ಒಯ್ಯುವ ಹಾಗಿರಲಿಲ್ಲ. ಟವಲ್‌ನಲ್ಲಿ ಸುತ್ತಿ ಇಟ್ಟದ್ದು ಎರಡು ಓಹಾರಾಸ್, ಒಂದು ಬ್ಲ್ಯಾಕ್ ರಾಕ್, ಒಂದು ಲ್ಯಾನ್ ಫಲ್ಲಾನ್. “ಅಲ್ಲಿ ಫ್ರಿಜ್ಜಿಗೆ ಇಟ್ಟರೂ ಕುಡಿಯುವ ಮೊದಲು ಹೊರಗಿಡು” ಅಂದೆ. “ಬೆಂಗಳೂರಲ್ಲಿ ಮುಕ್ಕಾಲು ಗಂಟೆ ಜಾಸ್ತಿ ಆಯ್ತು ಭಾವ, ಇಪ್ಪತ್ತು ನಿಮಿಷ ಸಾಕು” ಅಂದ.